ದಾನಿಯ ಮಜ್ಜೆ ರೋಗಿಯ ಮೈಮೇಲೆ ತಿರುಗಿ ಬೀಳದಂತೆ

ಕಿಡ್ನಿ ಕಸಿ ಮಾಡಿಸಿಕೊಂಡವರ ದೊಡ್ಡ ಭಯವೆಂದರೆ ಮೈ ಆ ಕಿಡ್ನಿಯನ್ನು ಒಪ್ಪಿಕೊಳ್ಳುತ್ತದೋ ಇಲ್ಲವೋ ಎಂಬುದು. ದಾನಿಯಿಂದ ಅಸ್ಥಿಮಜ್ಜೆ ಪಡೆದವರಲ್ಲಿ ಆ ಭಯ ತಿರುವುಮುರುವಾಗುತ್ತದೆ. ಇಲ್ಲಿ ಕಸಿಯಾಗಿ ಬರುವುದೇ ರೋಗನಿರೋಧಕ ವ್ಯವಸ್ಥೆ. ಬಂದ ಮಜ್ಜೆ ರೋಗಿಯ ಮೈಯನ್ನು ತನ್ನದೆಂದು ಒಪ್ಪದೇ ಹೋದರೆ, ದಾನಿಯ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೆ ಬೀಳುತ್ತವೆ. ಇದು ಗ್ರಾಫ್ಟ್ ವರ್ಸಸ್ ಹೋಸ್ಟ್ ಡಿಸೀಸ್. ಬಿಎಂಟಿ, ಅಂದರೆ ಮಜ್ಜೆ ಕಸಿಯ, ವಾರ್ಡಿನಲ್ಲಿ ಡಾಕ್ಟರಿಂದ ಹಿಡಿದು ರೋಗಿಯ ತಾಯಿಯವರೆಗೆ ಎಲ್ಲರೂ ಇದನ್ನು ಜಿವಿಎಚ್‌ಡಿ ಎಂದೇ ಕರೆಯುತ್ತಾರೆ.

ರಕ್ತದ ಕ್ಯಾನ್ಸರ್ ಆದ ಲ್ಯುಕೇಮಿಯಾ, ಹುಟ್ಟಿನಿಂದ ಬರುವ ರಕ್ತಹೀನತೆಯಾದ ಥಲಸ್ಸೀಮಿಯಾ, ಮಜ್ಜೆ ರಕ್ತ ತಯಾರಿಸುವುದನ್ನೇ ಬಿಡುವ ಅಪ್ಲಾಸ್ಟಿಕ್ ಅನೀಮಿಯಾದಂಥ ಕಾಯಿಲೆಗಳಲ್ಲಿ ಈ ಕಸಿ ಜೀವ ಉಳಿಸುತ್ತದೆ. ಆದರೆ ಕಾಯಿಲೆ ಗೆದ್ದ ಮೇಲೂ ಜಿವಿಎಚ್‌ಡಿಯಿಂದ ಜೀವ ಹೋಗಬಹುದು, ಇಲ್ಲವೇ ವರ್ಷಗಟ್ಟಲೆ ಬದುಕು ಹಿಂಡಿಹೋಗಬಹುದು. ಬಂದ ಮೇಲೆ ಅದಕ್ಕೆ ಕೊಡುವ ಮೊದಲ ಔಷಧ ಸ್ಟೀರಾಯ್ಡ್. ಸರಿಸುಮಾರು ಅರ್ಧದಷ್ಟು ರೋಗಿಗಳಲ್ಲಿ ಮಾತ್ರ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆದ್ದರಿಂದ ಇಡೀ ಲಕ್ಷ್ಯ ಇರುವುದು ಅದು ಬಾರದಂತೆ ತಡೆಯುವುದರ ಮೇಲೆ. ಆ ತಡೆ ಹೇಗೆ ಕೆಲಸ ಮಾಡುತ್ತದೆ ಎಂಬುದು ಕಸಿಗೆ ಹೊರಟ ಪ್ರತಿ ಮನೆಯವರಿಗೂ ಗೊತ್ತಿರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಆ ಕೆಲಸದ ಒಂದು ಪಾಲು ಮನೆಯವರ ಕೈಯಲ್ಲೇ ಇದೆ.

ಕಸಿ ಎಂದರೆ ಆಪರೇಷನ್ ಎಂದುಕೊಂಡು ಬಂದವರಿಗೆ ಆ ದಿನ ಅಚ್ಚರಿಯಾಗುತ್ತದೆ. ರೋಗಿಯನ್ನು ಥಿಯೇಟರಿಗೆ ಒಯ್ಯುವುದೂ ಇಲ್ಲ, ಕೊಯ್ಯುವುದೂ ಇಲ್ಲ. ರಕ್ತದ ಚೀಲದಂಥದೇ ಒಂದು ಚೀಲವನ್ನು ಸ್ಟ್ಯಾಂಡಿಗೆ ತೂಗುಹಾಕುತ್ತಾರೆ, ದೊಡ್ಡ ರಕ್ತನಾಳಕ್ಕೆ ಹಾಕಿದ ಸೆಂಟ್ರಲ್ ಲೈನಿನ ಮೂಲಕ ಅದು ಕೆಲ ತಾಸುಗಳಲ್ಲಿ ಒಳಗಿಳಿಯುತ್ತದೆ. ಆ ದಿನಕ್ಕೆ ಡೇ ಝೀರೋ ಎಂದು ಹೆಸರು. ಅದಕ್ಕೆ ಮೊದಲಿನ ಐದಾರು ದಿನ ಭಾರಿ ಕೀಮೋಥೆರಪಿ, ಕೆಲವರಿಗೆ ರೇಡಿಯೇಶನ್ ಕೂಡ ಕೊಟ್ಟು ಹಳೆಯ ಮಜ್ಜೆಯನ್ನು ಖಾಲಿ ಮಾಡಿರುತ್ತಾರೆ. ಚೀಲದಲ್ಲಿ ಬರುವ ಆಕರಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು, ತಾವಾಗಿ ಮೂಳೆಯೊಳಗಿನ ಜಾಗ ಹುಡುಕಿಕೊಂಡು ಹೋಗಿ ನೆಲೆಯೂರುತ್ತವೆ. ಎರಡು ಮೂರು ವಾರದಲ್ಲಿ ಹೊಸ ಬಿಳಿ ರಕ್ತಕಣಗಳು ಕಾಣಿಸಿಕೊಂಡಾಗ ವಾರ್ಡಿನಲ್ಲಿ ‘ಕೌಂಟ್ ಬಂತು’ ಎನ್ನುತ್ತಾರೆ.

ಆದರೆ ಚೀಲದಲ್ಲಿ ಆಕರಕೋಶಗಳಷ್ಟೇ ಇರುವುದಿಲ್ಲ. ದಾನಿಯ ಬೆಳೆದ ಟಿ-ಕೋಶಗಳೂ (ಇವು ಬಿಳಿ ರಕ್ತಕಣಗಳ ಒಂದು ಬಗೆ) ಕೋಟಿಗಟ್ಟಲೆ ಇರುತ್ತವೆ. ವೈರಸ್ ಹೊಕ್ಕ ಕೋಶವನ್ನು, ಪರಕೀಯ ಕೋಶವನ್ನು ಗುರುತಿಸಿ ಕೊಲ್ಲುವುದು ಇವುಗಳ ಕಸುಬು. ದಾನಿಯ ಮೈಯಲ್ಲಿ ಅದೇ ಅವನನ್ನು ಕಾಯುತ್ತಿತ್ತು. ರೋಗಿಯ ಮೈಯಲ್ಲಿ ಸುತ್ತ ಕಾಣುವುದೆಲ್ಲ ಅವುಗಳಿಗೆ ಪರಕೀಯ.

1957ರಲ್ಲಿ ಅಮೆರಿಕದ ಇ. ಡೊನಾಲ್ ಥಾಮಸ್ ಮನುಷ್ಯರಿಗೆ ರಕ್ತನಾಳದ ಮೂಲಕ ಮಜ್ಜೆ ಕೊಟ್ಟ ಪ್ರಯತ್ನವನ್ನು ಪ್ರಕಟಿಸಿದರು. ಮುಂದಿನ ಹತ್ತು ವರ್ಷಗಳಲ್ಲಿ ಜಗತ್ತಿನಾದ್ಯಂತ ಸುಮಾರು 200 ಕಸಿಗಳು ನಡೆದವು, ಬಹುತೇಕ ಯಾರೂ ಉಳಿಯಲಿಲ್ಲ. ಮಜ್ಜೆ ಹಿಡಿಯದೆ ಕೆಲವರು, ಸೋಂಕಿನಿಂದ ಕೆಲವರು, ಮಜ್ಜೆ ಹಿಡಿದ ಮೇಲೂ ಜಿವಿಎಚ್‌ಡಿಯಿಂದ ಕೆಲವರು ಹೋದರು. ಬಹಳಷ್ಟು ವೈದ್ಯರು ಕೈಚೆಲ್ಲಿದರು. ಥಾಮಸ್ ಬಿಡಲಿಲ್ಲ. ನಾಯಿಗಳ ಮೇಲಿನ ಪ್ರಯೋಗಕ್ಕೆ ಮರಳಿ, ದಾನಿಯ ಹೊಂದಾಣಿಕೆ ಮತ್ತು ಮೆಥೊಟ್ರೆಕ್ಸೇಟ್ ಎಂಬ ಔಷಧದ ಬಳಕೆ ಎರಡನ್ನೂ ಅಲ್ಲಿ ಕಲಿತು, ಸಿಯಾಟಲ್‌ನಲ್ಲಿ ಮನುಷ್ಯರ ಕಸಿಯನ್ನು ಮತ್ತೆ ಎತ್ತಿಕೊಂಡರು. 1990ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ದೇಶದ ಮೊದಲ ಮಜ್ಜೆ ಕಸಿ 1983ರಲ್ಲಿ ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ನಡೆಯಿತು. 1986ರಲ್ಲಿ ವೆಲ್ಲೂರಿನ ಸಿಎಂಸಿ ಶುರುಮಾಡಿತು. ಈಗ ಬೆಂಗಳೂರಿನಲ್ಲೇ ಹಲವು ಆಸ್ಪತ್ರೆಗಳಲ್ಲಿ ನಡೆಯುತ್ತದೆ.

ಜಿವಿಎಚ್‌ಡಿ ಬರಬೇಕಾದರೆ ಏನೇನಿರಬೇಕು ಎಂಬುದನ್ನು 1966ರಲ್ಲಿ ರೂಪರ್ಟ್ ಬಿಲ್ಲಿಂಗ್‌ಹ್ಯಾಮ್ ಹೇಳಿಬಿಟ್ಟಿದ್ದರು. ಕಸಿಯಲ್ಲಿ ಹೋರಾಡಬಲ್ಲ ಕೋಶಗಳಿರಬೇಕು. ರೋಗಿಯ ಮೈಯಲ್ಲಿ ದಾನಿಗಿಲ್ಲದ ಗುರುತುಗಳಿರಬೇಕು. ಆ ಕೋಶಗಳನ್ನು ಹೊರದಬ್ಬುವ ಶಕ್ತಿ ರೋಗಿಗೆ ಇರಬಾರದು. ಮೂರನೆಯದನ್ನು ನಾವು ಬದಲಿಸುವಂತಿಲ್ಲ, ಯಾಕೆಂದರೆ ರೋಗಿಯ ಶಕ್ತಿಯನ್ನು ಕೆಳಗಿಳಿಸದೆ ಹೊಸ ಮಜ್ಜೆ ಹಿಡಿಯುವುದೇ ಇಲ್ಲ. ಇಂದಿನ ತಡೆಯ ಉಪಾಯಗಳೆಲ್ಲ ಹೆಚ್ಚುಕಡಿಮೆ ಮೊದಲಿನ ಎರಡರ ಸುತ್ತಲೇ ಇವೆ.

ಮೊದಲು ಗುರುತುಗಳ ವಿಷಯ. ನಮ್ಮ ಕೋಶಗಳ ಮೇಲೆ ಎಚ್‌ಎಲ್‌ಎ ಎಂಬ ಪ್ರೋಟೀನುಗಳಿವೆ. ಟಿ-ಕೋಶಗಳು ತಮ್ಮವರನ್ನೂ ಪರರನ್ನೂ ಗುರುತಿಸುವುದು ಇವುಗಳಿಂದ. ಇವುಗಳ ಜೀನುಗಳು ಆರನೆಯ ಕ್ರೋಮೋಸೋಮಿನಲ್ಲಿ ಒತ್ತೊತ್ತಾಗಿ ಕೂತಿವೆ, ಹಾಗಾಗಿ ತಂದೆಯಿಂದ ಒಂದು ಕಟ್ಟು, ತಾಯಿಯಿಂದ ಒಂದು ಕಟ್ಟು ಇಡಿಯಾಗಿ ಮಗುವಿಗೆ ಬರುತ್ತದೆ. ಒಬ್ಬ ಅಣ್ಣನೋ ತಂಗಿಯೋ ಪೂರ್ತಿ ಮ್ಯಾಚ್ ಆಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಡಹುಟ್ಟಿದವರು ಇಬ್ಬರಿದ್ದರೆ ಕನಿಷ್ಠ ಒಬ್ಬರು ಹೊಂದುವ ಸಾಧ್ಯತೆ ಶೇ 44, ಮೂವರಿದ್ದರೆ ಶೇ 58. ‘ಮನೆಗೊಂದೇ ಮಗು’ ಎನ್ನುವ ಕಾಲದಲ್ಲಿ ಈ ಲೆಕ್ಕ ನಮ್ಮ ವಿರುದ್ಧ ನಿಲ್ಲುತ್ತದೆ. ತಂದೆ ತಾಯಿ ಸಾಮಾನ್ಯವಾಗಿ ಅರ್ಧ ಮ್ಯಾಚ್ ಮಾತ್ರ.

ನಮ್ಮ ಕಡೆ ಇದಕ್ಕೊಂದು ತಿರುವು ಇದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿಯಿರುವ ಮನೆತನಗಳಲ್ಲಿ ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ಎಚ್‌ಎಲ್‌ಎ ಕಟ್ಟು ಹರಿದು ಬಂದಿರಬಹುದು. ಆಗ ತಂದೆಯೋ ತಾಯಿಯೋ ಪೂರ್ಣ ಮ್ಯಾಚ್ ಆಗುವುದುಂಟು, ದೊಡ್ಡಪ್ಪ ಚಿಕ್ಕಮ್ಮಂದಿರ ಮಕ್ಕಳಲ್ಲಿ ಸಿಗುವುದೂ ಉಂಟು. ಥಲಸ್ಸೀಮಿಯಾದಂಥ ಕಾಯಿಲೆಗಳು ಹೆಚ್ಚಲು ಕಾರಣವಾಗುವ ಇದೇ ರೂಢಿ ದಾನಿ ಹುಡುಕುವಾಗ ಕೆಲವೊಮ್ಮೆ ನೆರವಿಗೆ ಬರುತ್ತದೆ. ಸಂಬಂಧದಲ್ಲಿ ಮದುವೆಯಾಗಿದ್ದರೆ ನಾಚಿಕೊಳ್ಳದೆ ಡಾಕ್ಟರಿಗೆ ಹೇಳಬೇಕು. ಒಡಹುಟ್ಟಿದವರು ಹೊಂದದಿದ್ದರೂ ಹುಡುಕಾಟ ಎತ್ತ ಹೋಗಬೇಕೆಂದು ಅದರಿಂದ ತಿಳಿಯುತ್ತದೆ. ಥಲಸ್ಸೀಮಿಯಾ ಮೈನರ್ ಇರುವವರು, ಅಂದರೆ ಕಾಯಿಲೆಯಿಲ್ಲದೆ ಅದರ ಜೀನನ್ನು ಮಾತ್ರ ಹೊತ್ತವರು, ದಾನಿಯಾಗಬಾರದು ಎಂಬ ಭಾವನೆಯೂ ತಪ್ಪು. ಅವರೂ ಮಜ್ಜೆ ಕೊಡಬಹುದು.

ಮನೆಯಲ್ಲಿ ಸಿಗದಿದ್ದರೆ ರಿಜಿಸ್ಟ್ರಿ. ಚೆನ್ನೈನ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಸಂಸ್ಥೆಗಳು ಕೆನ್ನೆಯೊಳಗಿನ ಸ್ವ್ಯಾಬ್ ತೆಗೆದುಕೊಂಡು ಸ್ವಯಂಪ್ರೇರಿತರ ಎಚ್‌ಎಲ್‌ಎ ನೋಂದಾಯಿಸುತ್ತವೆ. ಎಚ್‌ಎಲ್‌ಎ ಗುರುತುಗಳು ಆಯಾ ಜನಸಮುದಾಯದಲ್ಲೇ ಹೆಚ್ಚು ಕೂಡಿ ಬರುವುದರಿಂದ ಕನ್ನಡದ ರೋಗಿಗೆ ಜರ್ಮನಿಯ ದಾನಿ ಹೊಂದುವುದು ಕಷ್ಟ. ನಮ್ಮವರು ನೋಂದಾಯಿಸಿದಷ್ಟೂ ನಮ್ಮವರಿಗೆ ಸಿಗುತ್ತದೆ. ಈ ಲೇಖನ ಓದುತ್ತಿರುವವರು 20-30ರ ವಯಸ್ಸಿನ ಆರೋಗ್ಯವಂತರಾಗಿದ್ದರೆ ದಯವಿಟ್ಟು ಒಮ್ಮೆ ಯೋಚಿಸಿ. ದಾನಿ ಚಿಕ್ಕ ವಯಸ್ಸಿನವರಾದಷ್ಟೂ ರೋಗಿಗೆ ಒಳ್ಳೆಯದು.

ಎಚ್‌ಎಲ್‌ಎ ಪೂರ್ತಿ ಹೊಂದಿದರೂ ಕಥೆ ಮುಗಿಯುವುದಿಲ್ಲ. ಅಣ್ಣ ತಮ್ಮಂದಿರ ನಡುವೆಯೂ ಬೇರೆ ಜೀನುಗಳಲ್ಲಿ ನೂರಾರು ಸಣ್ಣ ವ್ಯತ್ಯಾಸಗಳಿರುತ್ತವೆ. ಪುರುಷ ರೋಗಿಗೆ ಹೆಂಗಸು ದಾನಿಯಾದರೆ, ವೈ ಕ್ರೋಮೋಸೋಮಿನಿಂದ ಬರುವ ಪ್ರೋಟೀನುಗಳು ಆಕೆಯ ಟಿ-ಕೋಶಗಳಿಗೆ ಹೊಸವು. ಆಕೆ ಮಕ್ಕಳನ್ನು ಹೆತ್ತವಳಾಗಿದ್ದರೆ ಗಂಡು ಮಗುವಿನ ಬಸುರಿನಲ್ಲಿ ಅವನ್ನು ಆಗಲೇ ಕಂಡು ಕೆರಳಿರಬಹುದು. ಆದ್ದರಿಂದ ಇಬ್ಬರು ದಾನಿಗಳು ಸಮಸಮ ಹೊಂದಿದಾಗ ವೈದ್ಯರು ವಯಸ್ಸು, ಲಿಂಗ, ಹೆರಿಗೆಗಳನ್ನೂ ಕೇಳುತ್ತಾರೆ. ಕೆಲವು ಮನೆಗಳಲ್ಲಿ ಇದು ನೋವು ತರುತ್ತದೆ. ‘ನಾನು ಕೊಡುತ್ತೇನೆಂದರೂ ನನ್ನನ್ನು ಬಿಟ್ಟು ತಮ್ಮನನ್ನೇ ಯಾಕೆ ಆರಿಸಿದರು?’ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ.

ಮಜ್ಜೆಯನ್ನು ಎಲ್ಲಿಂದ ತೆಗೆಯುತ್ತಾರೆ ಎಂಬುದೂ ಮುಖ್ಯ. ದಾನಿಗೆ ಅರಿವಳಿಕೆ ಕೊಟ್ಟು ಸೊಂಟದ ಮೂಳೆಯಿಂದ ತೆಗೆಯುವುದು ಹಳೆಯ ಕ್ರಮ. ಜಿ-ಸಿಎಸ್‌ಎಫ್ ಇಂಜೆಕ್ಷನ್ ಕೊಟ್ಟು ಆಕರಕೋಶಗಳನ್ನು ರಕ್ತಕ್ಕೆ ಇಳಿಸಿ, ಯಂತ್ರದಿಂದ ಸೋಸಿ ತೆಗೆಯುವುದು ಈಗ ಹೆಚ್ಚು ರೂಢಿ. ಇದರಲ್ಲಿ ಕೌಂಟ್ ಬೇಗ ಬರುತ್ತದೆ. ಆದರೆ ಚೀಲದೊಳಗಿನ ಟಿ-ಕೋಶಗಳು ಮಜ್ಜೆಗಿಂತ ಸುಮಾರು ಹತ್ತು ಪಟ್ಟು. 2012ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪರೀಕ್ಷೆಯೊಂದರಲ್ಲಿ, ಸಂಬಂಧಿಗಳಲ್ಲದ ದಾನಿಗಳಿಂದ ರಕ್ತದ ಆಕರಕೋಶ ಪಡೆದವರಲ್ಲಿ ಶೇ 53 ಮಂದಿಗೆ ಎರಡು ವರ್ಷದೊಳಗೆ ದೀರ್ಘಕಾಲದ, ಅಂದರೆ ತಿಂಗಳುಗಳ ಮೇಲೆ ಬಂದು ಬಹಳ ದಿನ ಕಾಡುವ, ಜಿವಿಎಚ್‌ಡಿ ಬಂತು. ಮಜ್ಜೆ ಪಡೆದವರಲ್ಲಿ ಅದು ಶೇ 41. ಬದುಕುಳಿದವರ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಥಲಸ್ಸೀಮಿಯಾ, ಅಪ್ಲಾಸ್ಟಿಕ್ ಅನೀಮಿಯಾದ ಮಕ್ಕಳಿಗೆ ಮಜ್ಜೆಯೇ ಇರಲಿ ಎಂದು ವೈದ್ಯರು ಹೇಳುವುದು ಇದರಿಂದ.

ಈಗ ಮೈಯೊಳಗೆ ನಡೆಯುವುದೇನು ನೋಡೋಣ. ಕಸಿಗೆ ಮೊದಲಿನ ಕೀಮೋ ಮತ್ತು ರೇಡಿಯೇಶನ್ ಕರುಳಿನ ಒಳಪದರವನ್ನು ಸುಡುತ್ತವೆ. ಆ ಬಿರುಕಿನಲ್ಲಿ ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ನುಸುಳುತ್ತವೆ, ಗಾಯಗೊಂಡ ಕೋಶಗಳು ಅಪಾಯದ ಸಂಕೇತ ಕಳಿಸುತ್ತವೆ. ಅದೇ ಹೊತ್ತಿಗೆ ದಾನಿಯ ಟಿ-ಕೋಶಗಳು ಒಳಗೆ ಬಂದಿರುತ್ತವೆ. ರೋಗಿಯ ಮೈಯಲ್ಲಿ ಉಳಿದಿರುವ ಕೆಲವು ಕೋಶಗಳು ತಮ್ಮ ಪ್ರೋಟೀನುಗಳನ್ನು ಅವುಗಳಿಗೆ ತೋರಿಸುತ್ತವೆ. ಪರಕೀಯವೆಂದು ಕಂಡ ಟಿ-ಕೋಶ ಒಂದು ಎರಡಾಗಿ, ಎರಡು ನಾಲ್ಕಾಗಿ ದಿನಗಳಲ್ಲೇ ದಂಡಾಗುತ್ತದೆ. ಆಮೇಲೆ ಅವು ಹೊರಡುವುದು ಮುಖ್ಯವಾಗಿ ಮೂರು ಕಡೆಗೆ: ಚರ್ಮ, ಕರುಳು, ಯಕೃತ್ತು. ಅಂಗೈ, ಅಂಗಾಲು, ಕಿವಿಯ ಹಿಂದೆ ತುರಿಕೆಯ ಕೆಂಪು ಗಂಧೆ ಏಳುತ್ತದೆ. ಹಸಿರು ನೀರಿನಂಥ ಭೇದಿ ಲೀಟರುಗಟ್ಟಲೆ ಹೋಗುತ್ತದೆ, ನರ್ಸ್‌ಗಳು ಅದನ್ನು ಅಳೆದು ಬರೆದಿಡುವುದು ಸುಮ್ಮನೆ ಅಲ್ಲ, ಕರುಳಿನ ರೋಗ ಎಷ್ಟು ಜೋರಾಗಿದೆ ಎಂದು ನಿರ್ಧಾರವಾಗುವುದೇ ಅದರಿಂದ. ಪಿತ್ತದ ಹಳದಿ ವಸ್ತುವಾದ ಬಿಲಿರುಬಿನ್ ರಕ್ತದಲ್ಲಿ ಏರಿ ಕಣ್ಣು ಹಳದಿಯಾಗುತ್ತದೆ. ತಡೆಯ ಔಷಧ ಕೊಟ್ಟರೂ, ದಾನಿ ಮತ್ತು ಕ್ರಮಕ್ಕೆ ತಕ್ಕಂತೆ, ಮೂವರಲ್ಲಿ ಒಬ್ಬರಿಂದ ಇಬ್ಬರಲ್ಲಿ ಒಬ್ಬರವರೆಗೆ ಗಮನಿಸಲೇಬೇಕಾದ ಮಟ್ಟದ ಜಿವಿಎಚ್‌ಡಿ ಬಂದ ಕಾಲ ಬಹಳ ದಿನ ಇತ್ತು.

ತಡೆಯ ಹಳೆಯ ಜೋಡಿ ಸೈಕ್ಲೋಸ್ಪೋರಿನ್ ಮತ್ತು ಮೆಥೊಟ್ರೆಕ್ಸೇಟ್. ನಾರ್ವೆಯ ಮಣ್ಣಿನ ಶಿಲೀಂಧ್ರದಲ್ಲಿ ಸಿಕ್ಕ ಸೈಕ್ಲೋಸ್ಪೋರಿನ್, ಟಿ-ಕೋಶ ಎಚ್ಚೆತ್ತು ಬೆಳೆಯಲು ಬೇಕಾದ ಒಳಸಂಕೇತವನ್ನು ಕಡಿಯುತ್ತದೆ. ಅದರ ಬದಲು ಈಗ ಹೆಚ್ಚಾಗಿ ಬಳಸುವ ಟ್ಯಾಕ್ರೊಲಿಮಸ್ ಸಿಕ್ಕಿದ್ದು ಜಪಾನಿನ ತ್ಸುಕುಬಾದ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ. ಮೆಥೊಟ್ರೆಕ್ಸೇಟನ್ನು ಕಸಿಯ ನಂತರದ 1, 3, 6, 11ನೇ ದಿನ ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ. ಬೆಳೆಯಲು ಹೊರಟ ಟಿ-ಕೋಶಗಳನ್ನು ಅದು ಹೊಡೆಯುತ್ತದೆ, ಜೊತೆಗೆ ಬಾಯಿಹುಣ್ಣನ್ನೂ ಹೆಚ್ಚಿಸುತ್ತದೆ. ಇವೆರಡನ್ನು ಕೂಡಿಸಿ ಕೊಟ್ಟ ಫಲವನ್ನು ಸಿಯಾಟಲ್‌ನ ರೈನರ್ ಸ್ಟಾರ್ಬ್ ಮತ್ತು ಜೊತೆಗಾರರು 1986ರಲ್ಲಿ ಪ್ರಕಟಿಸಿದರು. ಸೈಕ್ಲೋಸ್ಪೋರಿನ್ ಒಂದನ್ನೇ ಪಡೆದವರಲ್ಲಿ ಶೇ 54ರಷ್ಟಿದ್ದ, ಮೊದಲ ತಿಂಗಳುಗಳಲ್ಲಿ ಬರುವ, ಗಮನಿಸಲೇಬೇಕಾದ ಮಟ್ಟದ ಜಿವಿಎಚ್‌ಡಿ, ಜೋಡಿ ಪಡೆದವರಲ್ಲಿ ಶೇ 33ಕ್ಕೆ ಇಳಿದಿತ್ತು. ಮೂರು ದಶಕಗಳಿಗೂ ಹೆಚ್ಚು ಕಾಲ ಇದನ್ನು ಮೀರಿಸಿದ್ದು ಬರಲಿಲ್ಲ.

ಇನ್ನೊಂದು ಉಪಾಯ ಎಟಿಜಿ. ಮನುಷ್ಯರ ಟಿ-ಕೋಶಗಳನ್ನು ಮೊಲಕ್ಕೆ ಚುಚ್ಚಿ, ಮೊಲ ತಯಾರಿಸುವ ಪ್ರತಿಕಾಯಗಳನ್ನು ಶುದ್ಧಮಾಡಿ ರೋಗಿಗೆ ಕಸಿಯ ಹಿಂದಿನ ಕೆಲ ದಿನ ಕೊಡುತ್ತಾರೆ. ಅದು ರಕ್ತದಲ್ಲಿ ಉಳಿದುಕೊಂಡು, ಬರುವ ದಾನಿಯ ಟಿ-ಕೋಶಗಳನ್ನು ಕಡಿಮೆ ಮಾಡುತ್ತದೆ. 2016ರಲ್ಲಿ ಯುರೋಪಿನಿಂದ ಬಂದ ಪರೀಕ್ಷೆಯಲ್ಲಿ ಒಡಹುಟ್ಟಿದವರ ಕಸಿ ಪಡೆದ ಲ್ಯುಕೇಮಿಯಾ ರೋಗಿಗಳಲ್ಲಿ ದೀರ್ಘಕಾಲದ ಜಿವಿಎಚ್‌ಡಿ ಎರಡು ವರ್ಷಕ್ಕೆ ಶೇ 69ರಿಂದ ಶೇ 32ಕ್ಕೆ ಇಳಿಯಿತು.

ಹಾಗಾದರೆ ಟಿ-ಕೋಶಗಳನ್ನು ಚೀಲದಲ್ಲೇ ಪೂರ್ತಿ ತೆಗೆದುಬಿಟ್ಟರೆ? 1980ರ ದಶಕದಲ್ಲಿ ಅದನ್ನೇ ಮಾಡಿದರು. ಜಿವಿಎಚ್‌ಡಿ ನಿಜಕ್ಕೂ ಬಹಳ ಕಡಿಮೆಯಾಯಿತು. ಆದರೆ ಮಜ್ಜೆ ಹಿಡಿಯದೆ ಹೋಗುವುದು ಹೆಚ್ಚಿತು, ಸೋಂಕು ಹೆಚ್ಚಿತು, ಲ್ಯುಕೇಮಿಯಾ ಮರಳುವುದೂ ಹೆಚ್ಚಿತು. ಬದುಕುಳಿದವರ ಒಟ್ಟು ಲೆಕ್ಕದಲ್ಲಿ ಗಳಿಸಿದ್ದೇನೂ ಕಾಣಲಿಲ್ಲ.

ಆ ಸೋಲು ವೈದ್ಯರಿಗೆ ಕಲಿಸಿದ್ದು ದೊಡ್ಡದು. 1990ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಲ್ಯುಕೇಮಿಯಾ ಕಸಿಗಳನ್ನು ಒಟ್ಟಿಗಿಟ್ಟು ನೋಡಿದ ಅಧ್ಯಯನದಲ್ಲಿ, ತದ್ರೂಪಿ ಅವಳಿಯಿಂದ ಮಜ್ಜೆ ಪಡೆದವರಲ್ಲಿ ಕಾಯಿಲೆ ಹೆಚ್ಚಾಗಿ ಮರಳಿತ್ತು, ಜಿವಿಎಚ್‌ಡಿ ಬಂದವರಲ್ಲಿ ಕಡಿಮೆ ಮರಳಿತ್ತು. ಅದೇ ವರ್ಷ ಮ್ಯೂನಿಕ್‌ನ ಹಾನ್ಸ್-ಯೋಖೆಮ್ ಕೋಲ್ಬ್ ತಂಡ, ಕಸಿಯ ನಂತರ ಲ್ಯುಕೇಮಿಯಾ ಮರಳಿದ ರೋಗಿಗಳಿಗೆ ದಾನಿಯ ಬಿಳಿ ರಕ್ತಕಣಗಳನ್ನು ಮತ್ತೆ ಕೊಟ್ಟು ಕಾಯಿಲೆಯನ್ನು ಇಳಿಸಿದ್ದನ್ನು ತೋರಿಸಿತು. ಚರ್ಮವನ್ನು ಹೊಡೆಯುವ ಕೋಶಗಳ ಗುಂಪೇ ಕ್ಯಾನ್ಸರನ್ನೂ ಹೊಡೆಯುತ್ತದೆ. ಕಸಿಯಿಂದ ಲ್ಯುಕೇಮಿಯಾ ವಾಸಿಯಾಗುವುದರಲ್ಲಿ ಕೀಮೋದ ಜೊತೆಗೆ ಈ ಕೋಶಗಳದ್ದೂ ದೊಡ್ಡ ಪಾಲು. ಹಾಗಾಗಿ ಲ್ಯುಕೇಮಿಯಾದಲ್ಲಿ ತಡೆ ಅತಿಯಾಗಬಾರದು. ಥಲಸ್ಸೀಮಿಯಾದ ಮಗುವಿನ ವಿಷಯವೇ ಬೇರೆ. ಅಲ್ಲಿ ಹೊಡೆಯಬೇಕಾದ ಕ್ಯಾನ್ಸರ್ ಇಲ್ಲ, ಜಿವಿಎಚ್‌ಡಿಯಿಂದ ಎಳ್ಳಷ್ಟೂ ಲಾಭವಿಲ್ಲ. ‘ಸ್ವಲ್ಪ ಜಿವಿಎಚ್‌ಡಿ ಬಂದರೆ ಒಳ್ಳೆಯದಂತೆ’ ಎಂದು ಪಕ್ಕದ ಬೆಡ್ಡಿನ ಲ್ಯುಕೇಮಿಯಾ ರೋಗಿಯ ಕಡೆಯವರು ಹೇಳಿದ್ದನ್ನು ಕೇಳಿ ಥಲಸ್ಸೀಮಿಯಾ ಮಗುವಿನ ಮೈಮೇಲಿನ ಗಂಧೆಯನ್ನು ಮುಚ್ಚಿಟ್ಟುಕೊಂಡು ಕೂರಬಾರದು.

ಟಿ-ಕೋಶಗಳಲ್ಲಿ ಬೇಡದವನ್ನು ಮಾತ್ರ ಕಳೆದು ಬೇಕಾದವನ್ನು ಉಳಿಸಿಕೊಳ್ಳುವುದು ಹೇಗೆ? ಇದಕ್ಕೆ ಸಿಕ್ಕ ಅತ್ಯುತ್ತಮ ಉತ್ತರ ಒಂದು ಹಳೆಯ, ಅಗ್ಗದ ಕೀಮೋ ಔಷಧದಿಂದ ಬಂತು ಎಂಬುದು ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಸಂತೋಷದ ಸುದ್ದಿ. ಔಷಧದ ಹೆಸರು ಸೈಕ್ಲೋಫಾಸ್ಫಮೈಡ್. 1950ರ ದಶಕದಲ್ಲಿ ಜರ್ಮನಿಯಲ್ಲಿ ತಯಾರಾದದ್ದು. 60ರ ದಶಕದಲ್ಲೇ ಇಲಿಗಳ ಮೇಲಿನ ಪ್ರಯೋಗಗಳಲ್ಲಿ, ಚರ್ಮದ ಕಸಿ ಮಾಡಿದ ಕೆಲ ದಿನಕ್ಕೆ ಇದನ್ನು ಕೊಟ್ಟರೆ ಆ ಕಸಿ ಹೆಚ್ಚು ದಿನ ನಿಲ್ಲುತ್ತದೆ ಎಂದು ಕಂಡಿತ್ತು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಎಫ್ರೈಮ್ ಫುಕ್ಸ್, ಲಿಯೊ ಲುಜ್ನಿಕ್ ಮತ್ತಿತರರು ಆ ಎಳೆಯನ್ನು ಹಿಡಿದು ಅರ್ಧ ಮ್ಯಾಚ್ ಕಸಿಗೆ ತಂದರು. ಅವರ ಮುಖ್ಯ ವರದಿ ಬಂದದ್ದು 2008ರಲ್ಲಿ.

ಕ್ರಮ ಹೀಗೆ. ಡೇ ಝೀರೋದಂದು ಅರ್ಧ ಹೊಂದುವ ತಂದೆಯದೋ ಮಗಳದೋ ಕೋಶಗಳನ್ನು, ಟಿ-ಕೋಶ ತೆಗೆಯದೆ, ಹಾಗೇ ಕೊಡುತ್ತಾರೆ. ಆಮೇಲೆ ಎರಡು ದಿನ ಯಾವ ತಡೆಯ ಔಷಧವೂ ಇಲ್ಲ. ಮೂರನೆಯ ಮತ್ತು ನಾಲ್ಕನೆಯ ದಿನ ಸೈಕ್ಲೋಫಾಸ್ಫಮೈಡ್, ತೂಕದ ಪ್ರತಿ ಕಿಲೋಗೆ 50 ಮಿಲಿಗ್ರಾಂ. 60 ಕಿಲೋ ತೂಗುವವರಿಗೆ ದಿನಕ್ಕೆ 3 ಗ್ರಾಂ. ಮೂತ್ರಕೋಶ ಸುಟ್ಟು ರಕ್ತ ಹೋಗದಂತೆ ಮೆಸ್ನಾ ಎಂಬ ಔಷಧ, ಬೇಕಾದಷ್ಟು ಡ್ರಿಪ್. ಐದನೆಯ ದಿನದಿಂದ ಟ್ಯಾಕ್ರೊಲಿಮಸ್, ಜೊತೆಗೆ ಟಿ-ಕೋಶ ಬೆಳೆಯದಂತೆ ತಡೆಯುವ ಮೈಕೋಫಿನೊಲೇಟ್.

ನಡುವಿನ ಆ ಎರಡು ದಿನ ಬಹಳ ಮುಖ್ಯ. ಮೊದಲ ಮಳೆ ಬಿದ್ದ ಮೇಲೆ ರೈತ ಕೂಡಲೇ ಬಿತ್ತುವುದಿಲ್ಲ. ಕಳೆಯ ಬೀಜಗಳು ಮೊಳೆಯಲು ನಾಲ್ಕು ದಿನ ಬಿಟ್ಟು, ಮೊಳೆತದ್ದನ್ನು ನೋಡಿ ಕುಂಟೆ ಹೊಡೆಯುತ್ತಾನೆ. ಮಣ್ಣೊಳಗೆ ಮಲಗಿರುವ ಬೀಜಕ್ಕೆ ಕುಂಟೆ ತಾಗುವುದಿಲ್ಲ, ಚಿಗುರಿದ್ದು ಕಿತ್ತುಬರುತ್ತದೆ. ರೋಗಿಯನ್ನು ಪರಕೀಯವೆಂದು ಗುರುತಿಸಿದ ಟಿ-ಕೋಶಗಳು ಆ ಎರಡು ಮೂರು ದಿನಗಳಲ್ಲಿ ರಭಸವಾಗಿ ಇಬ್ಭಾಗವಾಗುತ್ತಿರುತ್ತವೆ, ಸೈಕ್ಲೋಫಾಸ್ಫಮೈಡಿನ ಏಟು ಅವಕ್ಕೇ ಜೋರಾಗಿ ಬೀಳುತ್ತದೆ. ವೈರಸ್ ವಿರುದ್ಧ ಕಾಯುವ, ಸದ್ಯ ಸುಮ್ಮನಿರುವ ಟಿ-ಕೋಶಗಳು ಹೆಚ್ಚಾಗಿ ಉಳಿಯುತ್ತವೆ. ಆಕರಕೋಶಗಳೂ ಉಳಿಯುತ್ತವೆ. ಅವುಗಳಲ್ಲಿ ಆಲ್ಡಿಹೈಡ್ ಡಿಹೈಡ್ರೊಜಿನೇಸ್ ಎಂಬ ಕಿಣ್ವ ಹೇರಳವಾಗಿದ್ದು ಈ ಔಷಧವನ್ನು ನಿರ್ವಿಷ ಮಾಡುತ್ತದೆ. ಇತರ ಟಿ-ಕೋಶಗಳನ್ನು ಹದ್ದಿನಲ್ಲಿಡುವ ನಿಯಂತ್ರಕ ಟಿ-ಕೋಶಗಳಿಗೂ ಇದೇ ಕಿಣ್ವದ ರಕ್ಷೆ ಇದೆ. ಈಚಿನ ಇಲಿಗಳ ಪ್ರಯೋಗಗಳು ಇನ್ನೊಂದು ಮಾತು ಸೇರಿಸಿವೆ: ಕೆರಳಿದ ಟಿ-ಕೋಶಗಳೆಲ್ಲ ಸಾಯುವುದಿಲ್ಲ, ಕೆಲವು ಉಳಿದೂ ಬಲ ಕಳೆದುಕೊಳ್ಳುತ್ತವೆ, ಉಳಿದ ಕೆಲಸವನ್ನು ನಿಯಂತ್ರಕ ಕೋಶಗಳು ಮಾಡುತ್ತವೆ.

ಈ ಕ್ರಮದಲ್ಲಿ ಮನೆಯವರನ್ನು ಕಂಗೆಡಿಸುವ ಸಂಗತಿಯೊಂದಿದೆ. ಕಸಿಯಾದ ಮರುದಿನವೋ ಅದರ ಮರುದಿನವೋ ಜ್ವರ ಏರುತ್ತದೆ, 102, 103 ಡಿಗ್ರಿ ಫ್ಯಾರನ್‌ಹೀಟ್. ಅರ್ಧ ಮ್ಯಾಚ್ ಕಸಿಯಲ್ಲಿ ಇದು ಬಹಳ ಸಾಮಾನ್ಯ, ಟಿ-ಕೋಶಗಳು ಕೆರಳಿ ರಾಸಾಯನಿಕಗಳನ್ನು ಸುರಿಸುವುದರಿಂದ ಬರುವ ಜ್ವರ. ಸೋಂಕಿದೆಯೇ ನೋಡಲು ಬ್ಲಡ್ ಕಲ್ಚರ್ ಕಳಿಸುತ್ತಾರೆ, ಆ್ಯಂಟಿಬಯಾಟಿಕ್ ಹಾಕುತ್ತಾರೆ, ಪ್ಯಾರಾಸಿಟಮಾಲ್ ಕೊಡುತ್ತಾರೆ. ಸ್ಟೀರಾಯ್ಡ್ ಮಾತ್ರ ಕೊಡುವುದಿಲ್ಲ, ವಾಂತಿ ತಡೆಯಲು ಎಂದು ಸಹ ಕೊಡುವುದಿಲ್ಲ. ಆ ಹೊತ್ತಿನಲ್ಲಿ ಸ್ಟೀರಾಯ್ಡ್ ಬಿದ್ದರೆ ಟಿ-ಕೋಶಗಳ ಬೆಳವಣಿಗೆ ನಿಂತು, ಸೈಕ್ಲೋಫಾಸ್ಫಮೈಡ್ ಬರುವ ಹೊತ್ತಿಗೆ ಅದಕ್ಕೆ ಸಿಕ್ಕಬೇಕಾದವು ಸಿಕ್ಕದೇ ಹೋಗುತ್ತವೆ. ಮಗುವಿನ ಮೈ ಕೆಂಡದಂತೆ ಸುಡುವಾಗ ‘ಡಾಕ್ಟರು ಯಾಕೆ ಸುಮ್ಮನಿದ್ದಾರೆ?’ ಎಂದು ತಾಯಿಗೆ ಅನ್ನಿಸುವುದು ಸಹಜ. ಅವರು ಗಳಿಗೆಗಳಿಗೆಗೂ ನೋಡುತ್ತಲೇ ಇರುತ್ತಾರೆ. ಬಿ.ಪಿ. ಕುಸಿದರೆ, ಉಸಿರು ಕಷ್ಟವಾದರೆ ಬೇರೆ ಔಷಧಗಳಿವೆ. ಬಹಳಷ್ಟು ಜನರಲ್ಲಿ ಸೈಕ್ಲೋಫಾಸ್ಫಮೈಡ್ ಹೋದ ಮೇಲೆ ಜ್ವರ ಇಳಿಯುತ್ತದೆ.

ಅರ್ಧ ಮ್ಯಾಚಿಗೆಂದು ಬಂದದ್ದು ಈಗ ಪೂರ್ಣ ಮ್ಯಾಚಿಗೂ ಹಬ್ಬಿದೆ. 2023ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ 431 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸೈಕ್ಲೋಫಾಸ್ಫಮೈಡ್ ಕ್ರಮ, ಇನ್ನೊಂದಕ್ಕೆ ಟ್ಯಾಕ್ರೊಲಿಮಸ್-ಮೆಥೊಟ್ರೆಕ್ಸೇಟ್ ಕೊಟ್ಟರು. ತೀರಾ ಜೋರಾದ ಜಿವಿಎಚ್‌ಡಿ ಮೊದಲ ಗುಂಪಿನಲ್ಲಿ ಶೇ 6, ಎರಡನೆಯದರಲ್ಲಿ ಶೇ 15. ಒಂದು ವರ್ಷಕ್ಕೆ ದೀರ್ಘಕಾಲದ ಜಿವಿಎಚ್‌ಡಿ ಶೇ 22 ಮತ್ತು ಶೇ 35. ಜೋರಾದ ಜಿವಿಎಚ್‌ಡಿ ಇಲ್ಲದೆ, ಕಾಯಿಲೆ ಮರಳದೆ ಒಂದು ವರ್ಷ ಕಳೆದವರು ಸೈಕ್ಲೋಫಾಸ್ಫಮೈಡ್ ಗುಂಪಿನಲ್ಲಿ ಶೇ 53, ಇನ್ನೊಂದರಲ್ಲಿ ಶೇ 35. 1986ರ ಜೋಡಿಯ ಮಾದರಿ ಅಲುಗಿದ್ದು ಇಲ್ಲಿ.

ಇದರಲ್ಲೂ ತೊಂದರೆಗಳಿವೆ. ಕೌಂಟ್ ಕೆಲ ದಿನ ತಡವಾಗಿ ಬರುತ್ತದೆ, ಅಷ್ಟು ದಿನ ಸೋಂಕಿನ ಭಯ. ಹೃದಯಕ್ಕೆ ಏಟು ಬೀಳಬಹುದು, ವಯಸ್ಸಾದವರಲ್ಲಿ ಹೆಚ್ಚು. ಅದಕ್ಕೇ ಡೋಸನ್ನು ಅರ್ಧಕ್ಕೆ, ಕಿಲೋಗೆ 25 ಮಿಲಿಗ್ರಾಂಗೆ, ಇಳಿಸಿದರೆ ಸಾಕೇ ಎಂಬ ಪರೀಕ್ಷೆಗಳು ನಡೆದಿವೆ. ದುಡ್ಡಿನ ಕಡೆಯಿಂದ ನೋಡಿದರೆ ಮಾತ್ರ ಇದು ಬಡ ದೇಶಗಳಿಗೆ ಒದಗಿಬಂದ ವರ. ಚೀಲದ ಕೋಶಗಳನ್ನು ಯಂತ್ರದಿಂದ ಬೇರ್ಪಡಿಸುವುದಕ್ಕೆ ಲಕ್ಷಗಟ್ಟಲೆ ಬೇಕು. ಸಂಧಿವಾತಕ್ಕೆ ಬಳಸುತ್ತಿದ್ದ ಅಬಟಾಸೆಪ್ಟ್ ಎಂಬ ಔಷಧಕ್ಕೆ ಜಿವಿಎಚ್‌ಡಿ ತಡೆಯಲೆಂದು 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಅದೂ ದುಬಾರಿ. ಸೈಕ್ಲೋಫಾಸ್ಫಮೈಡ್ ಪೇಟೆಂಟ್ ಇಲ್ಲದ, ನಮ್ಮ ಕಂಪನಿಗಳೇ ತಯಾರಿಸುವ ಔಷಧ. ರಿಜಿಸ್ಟ್ರಿಯಲ್ಲಿ ಯಾರೂ ಸಿಗದ, ಒಡಹುಟ್ಟಿದವರಿಲ್ಲದ ಮಗುವಿಗೆ ಇವತ್ತು ಅಪ್ಪನೋ ಅಮ್ಮನೋ ದಾನಿಯಾಗಬಹುದು. ಆದರೂ ಒಂದು ತಪಾಸಣೆ ಬೇಕು: ರೋಗಿಯ ರಕ್ತದಲ್ಲಿ ಆ ದಾನಿಯ ಎಚ್‌ಎಲ್‌ಎ ವಿರುದ್ಧ ಪ್ರತಿಕಾಯಗಳು ಜಾಸ್ತಿ ಇದ್ದರೆ ಮಜ್ಜೆ ಹಿಡಿಯುವುದಿಲ್ಲ.

ಆ ಪ್ರತಿಕಾಯಗಳು ಬರುವ ಒಂದು ದಾರಿ ಹಿಂದೆ ಕೊಟ್ಟ ರಕ್ತ. ಅಪ್ಲಾಸ್ಟಿಕ್ ಅನೀಮಿಯಾ ಎಂದು ಗೊತ್ತಾದ ದಿನವೇ ಅಣ್ಣ, ಚಿಕ್ಕಪ್ಪ, ಅಪ್ಪ ‘ನನ್ನ ರಕ್ತ ತಗೊಳ್ಳಿ’ ಎಂದು ಮುಂದೆ ಬರುತ್ತಾರೆ. ಆ ಪ್ರೀತಿ ದೊಡ್ಡದು, ಆದರೆ ಮುಂದೆ ಕಸಿಯಾಗಬಹುದಾದ ರೋಗಿಗೆ ರಕ್ತಸಂಬಂಧಿಗಳ ರಕ್ತ ಕೊಡಬಾರದು. ಅವರದ್ದನ್ನು ಬ್ಲಡ್ ಬ್ಯಾಂಕಿಗೆ ಕೊಟ್ಟು, ರೋಗಿಗೆ ಬೇರೆಯವರ ರಕ್ತ ಹಾಕಿಸಬೇಕು. ಕಸಿಯಾದ ಮೇಲಂತೂ ಹಾಕುವ ಪ್ರತಿ ಯೂನಿಟ್ ರಕ್ತ ಮತ್ತು ಪ್ಲೇಟ್‌ಲೆಟ್ ಇರ‍್ರೇಡಿಯೇಟ್ ಆಗಿರಬೇಕು, ಅಂದರೆ ಅದರೊಳಗಿನ ಟಿ-ಕೋಶಗಳು ಬೆಳೆಯದಂತೆ 25 ಗ್ರೇ ವಿಕಿರಣ ಹಾಯಿಸಿರಬೇಕು. ಹಾಯಿಸದ ರಕ್ತದಿಂದಲೂ ಒಂದು ಬಗೆಯ ಜಿವಿಎಚ್‌ಡಿ ಬರುತ್ತದೆ. ಅಪರೂಪ, ಆದರೆ ಬಂದರೆ ಬಹುತೇಕ ಉಳಿಯುವುದಿಲ್ಲ. ಊರಿಗೆ ಹೋದಾಗ ಬೇರೆ ಆಸ್ಪತ್ರೆಯಲ್ಲಿ ರಕ್ತ ಹಾಕಿಸಬೇಕಾಗಿ ಬಂದರೆ ಈ ಒಂದು ಮಾತನ್ನು ಮೊದಲು ಹೇಳಬೇಕು.

ಕಸಿಯಾದ ಮೇಲಿನ ನೂರು ದಿನ ಆಸ್ಪತ್ರೆಯ ಹತ್ತಿರವೇ ಇರಿ ಎನ್ನುತ್ತಾರೆ. ಬೀದರಿನಿಂದಲೋ ಕಾರವಾರದಿಂದಲೋ ಬಂದವರಿಗೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿಯುವುದು ದೊಡ್ಡ ಹೊರೆ, ಆದರೂ ಅದು ಬೇಕೇಬೇಕು. ಟ್ಯಾಕ್ರೊಲಿಮಸ್ ಅಥವಾ ಸೈಕ್ಲೋಸ್ಪೋರಿನ್ ಪ್ರಮಾಣ ಕಡಿಮೆಯಾದರೆ ಜಿವಿಎಚ್‌ಡಿ, ಹೆಚ್ಚಾದರೆ ಕಿಡ್ನಿಗೆ ಏಟು, ಕೈ ನಡುಕ, ಬಿ.ಪಿ. ಅದಕ್ಕೇ ಪದೇ ಪದೇ ಲೆವೆಲ್ ನೋಡುವುದು. ಲೆವೆಲ್ ಟೆಸ್ಟಿಗೆ ಹೋಗುವ ಬೆಳಿಗ್ಗೆ ಆ ಮಾತ್ರೆ ನುಂಗದೆ ಹೋಗಿ, ರಕ್ತ ಕೊಟ್ಟ ಮೇಲೆ ನುಂಗಬೇಕು. ನುಂಗಿ ಹೋದರೆ ಲೆವೆಲ್ ಸುಳ್ಳೇ ಹೆಚ್ಚು ಬಂದು, ಡಾಕ್ಟರು ಡೋಸ್ ಇಳಿಸಿ, ರೋಗಿ ತೊಂದರೆಗೆ ಬೀಳುತ್ತಾನೆ. ಶಿಲೀಂಧ್ರದ ಸೋಂಕಿಗೆ ಕೊಡುವ ವೊರಿಕೊನಜೋಲ್‌ನಂಥ ಮಾತ್ರೆಗಳು ಲೆವೆಲ್ ಏರಿಸುತ್ತವೆ. ಅದನ್ನು ನಿಲ್ಲಿಸಿದಾಗ ಲೆವೆಲ್ ಇಳಿಯುತ್ತದೆ. ಹೊಸ ಮಾತ್ರೆ ಶುರುಮಾಡುವಾಗಲೂ ಹಳೆಯದನ್ನು ಬಿಡುವಾಗಲೂ ಕಸಿ ಮಾಡಿದ ಡಾಕ್ಟರಿಗೆ ಹೇಳಬೇಕು.

ತಿನ್ನುವುದರಲ್ಲಿ ಚಕ್ಕೋತದ ಮೇಲೆ ಕಣ್ಣಿರಲಿ. ದೇವನಹಳ್ಳಿಯ ಚಕ್ಕೋತ ನಮ್ಮ ಹೆಮ್ಮೆಯ ಹಣ್ಣು, ಆದರೆ ಗ್ರೇಪ್‌ಫ್ರೂಟ್‌ನಂತೆ ಅದರಲ್ಲೂ ಕರುಳಿನ ಕಿಣ್ವವನ್ನು ಕಟ್ಟಿಹಾಕಿ ಟ್ಯಾಕ್ರೊಲಿಮಸ್ ಲೆವೆಲ್ ಏರಿಸುವ ವಸ್ತುಗಳಿವೆ. ಮಾತ್ರೆ ನಡೆಯುವಷ್ಟು ದಿನ ಅದು ಬೇಡ. ಅಮೃತಬಳ್ಳಿ ಕಷಾಯವೂ ಬೇಡ. ‘ಶಕ್ತಿ ಬರಲಿ’ ಎಂದು ಕೊಡುವ, ರೋಗನಿರೋಧಕ ಶಕ್ತಿಯನ್ನು ಕೆರಳಿಸುತ್ತದೆ ಎಂದು ಹೊಗಳಿಸಿಕೊಳ್ಳುವ ಯಾವುದೂ, ಆ ಶಕ್ತಿಯನ್ನೇ ತಗ್ಗಿಸಿಡಬೇಕಾದ ಹೊತ್ತಿನಲ್ಲಿ ತರವಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರ ಯಕೃತ್ತಿಗೆ ಪೆಟ್ಟಾದದ್ದನ್ನು ಮುಂಬೈಯ ವೈದ್ಯರು ವರದಿ ಮಾಡಿದ್ದಾರೆ. ಬಿಸಿಲಿಗೂ ಚರ್ಮದ ಜಿವಿಎಚ್‌ಡಿ ಏಳಬಹುದು, ತುಂಬುತೋಳಿನ ಬಟ್ಟೆ, ಟೋಪಿ, ಸನ್‌ಸ್ಕ್ರೀನ್ ಬೇಕು. ಚಿಕ್ಕಂದಿನ ಲಸಿಕೆಗಳ ನೆನಪು ಹೊಸ ಮಜ್ಜೆಗೆ ಇರುವುದಿಲ್ಲ, ಅವನ್ನೆಲ್ಲ ಡಾಕ್ಟರು ಹೇಳಿದ ಹೊತ್ತಿಗೆ ಮತ್ತೆ ಹಾಕಿಸಬೇಕು. ದಡಾರದಂಥ ಜೀವಂತ ಲಸಿಕೆಗಳು ಎರಡು ವರ್ಷಕ್ಕೆ ಮೊದಲು ಬೇಡ, ಜಿವಿಎಚ್‌ಡಿ ಇದ್ದರೆ ಅಥವಾ ತಡೆಯ ಮಾತ್ರೆ ನಡೆಯುತ್ತಿದ್ದರೆ ಆಮೇಲೂ ಬೇಡ.

ಲಕ್ಷಣ ಕಂಡರೆ ಕಾಯಬಾರದು. ಅಂಗೈಯಲ್ಲಿ ಹೊಸ ಕೆಂಪು, ದಿನಕ್ಕೆ ನಾಲ್ಕಾರು ಸಲ ನೀರಾದ ಭೇದಿ, ತಿಂದದ್ದು ನಿಲ್ಲದಿರುವುದು, ಮೂತ್ರ ಗಾಢವಾಗುವುದು: ಅದೇ ದಿನ ಫೋನ್ ಮಾಡಬೇಕು. ಭೇದಿಗೆ ಊರಿನ ಮೆಡಿಕಲ್ ಶಾಪಿನ ಮಾತ್ರೆ ತಿಂದು ನಾಲ್ಕು ದಿನ ಕಳೆದರೆ ಕರುಳಿನ ಪದರವೇ ಉದುರಿರಬಹುದು.

ತಿಂಗಳುಗಳ ಮೇಲೆ ಬರುವ ದೀರ್ಘಕಾಲದ ಜಿವಿಎಚ್‌ಡಿ ಇನ್ನೂ ನಿಧಾನ. ಮೊದಲೆಲ್ಲ ಸಲೀಸಾಗಿ ಉಣ್ಣುತ್ತಿದ್ದ ಸಾರು ಬಾಯಿಗಿಟ್ಟರೆ ಉರಿ, ಕಣ್ಣಲ್ಲಿ ಮರಳು ಬಿದ್ದಂತೆ ಒಣಕಲು, ಮೊಣಕೈ ಮಡಿಸಲು ಬಾರದಷ್ಟು ಬಿಗಿದ ಚರ್ಮ, ಹೆಂಗಸರಲ್ಲಿ ಯೋನಿಯ ಒಣಗುವಿಕೆ ಮತ್ತು ನೋವು. ಕೊನೆಯದನ್ನು ನಾಚಿಕೆಯಿಂದ ಯಾರೂ ಹೇಳುವುದಿಲ್ಲ, ಡಾಕ್ಟರುಗಳೂ ಕೇಳಲು ಮರೆಯುತ್ತಾರೆ. ಇಬ್ಬರೂ ಬಾಯಿಬಿಡಬೇಕು. ಎಲ್ಲಕ್ಕಿಂತ ಮೋಸದ್ದು ಶ್ವಾಸಕೋಶದ್ದು. ಸಣ್ಣ ಗಾಳಿನಾಳಗಳು ಗಾಯದಿಂದ ಮುಚ್ಚುತ್ತಾ ಹೋಗುತ್ತವೆ, ಮೆಟ್ಟಿಲು ಹತ್ತುವಾಗ ಏದುಸಿರು ಬರುವ ಹೊತ್ತಿಗೆ ಬಹಳಷ್ಟು ಹೋಗಿಬಿಟ್ಟಿರುತ್ತದೆ, ಹೋದದ್ದು ಮರಳುವುದಿಲ್ಲ. ಕೊಳವೆಯೊಂದಕ್ಕೆ ಜೋರಾಗಿ ಊದಿಸುವ ಸ್ಪೈರೊಮೆಟ್ರಿ ಮಾತ್ರ ಅದನ್ನು ಲಕ್ಷಣಕ್ಕೆ ಮುಂಚೆ ಹಿಡಿಯುತ್ತದೆ. ಬೇಗ ಸಿಕ್ಕರೆ ಕೊಡಲು ಈಗ ಸ್ಟೀರಾಯ್ಡ್ ಆಚೆಗೂ ಔಷಧಗಳಿವೆ, ರುಕ್ಸೊಲಿಟಿನಿಬ್ ಅವುಗಳಲ್ಲೊಂದು. ಕಸಿಯಾಗಿ ಆರು ತಿಂಗಳಾಗಿದ್ದು ಇನ್ನೂ ಒಮ್ಮೆಯೂ ಊದಿಸಿಲ್ಲವಾದರೆ, ಮುಂದಿನ ಸಲ ಒಪಿಡಿಗೆ ಹೋದಾಗ ಕೇಳಿ ಮಾಡಿಸಿಕೊಳ್ಳಿ.